ತಂಬಿಗೆ ಬಾಗಿಸುವ ಬಗೆ

ಹೊಳೆದಂಡೆಯ ಆಶ್ರಮಕ್ಕೆ ಬಂದವರು ಕಲ್ಮೇಶನನ್ನು ನೋಡಿ, "ಇವರು ನಿಮ್ಮ ಶಿಷ್ಯರೇ?" ಎಂದು ಗುರುವನ್ನು ಕೇಳುತ್ತಿದ್ದರು.

"ಇಲ್ಲಿ ಊಟ ಮಾಡುತ್ತಾನೆ" ಎನ್ನುತ್ತಿದ್ದರು ಗುರು.

ಆ ಮಾತು ಕಲ್ಮೇಶನಿಗೆ ಚುಚ್ಚುತ್ತಿತ್ತು. ಗುರು ಒಮ್ಮೆಯಾದರೂ ಹೌದೆನ್ನಬೇಕು ಎಂಬ ಹಟದಿಂದ ಹೊಳೆಯಿಂದ ಆಶ್ರಮಕ್ಕೆ ಕಾಲುವೆ ತೋಡಲು ನಿಂತ.

ಇಳಿಜಾರು ಹೆಚ್ಚಾದಲ್ಲಿ ನೀರು ದಂಡೆಯನ್ನೇ ಕೊರೆದುಕೊಂಡು ಹೋಯಿತು. ಕಡಿಮೆಯಾದಲ್ಲಿ ಹೂಳು ತುಂಬಿತು. ಮುಚ್ಚಿದ, ಮತ್ತೆ ತೋಡಿದ. ಕೊನೆಗೆ ನೀರು ದಂಡೆಯನ್ನು ಕೆಣಕದೆ, ಹೂಳನ್ನು ನಿಲ್ಲಗೊಡದೆ ಹರಿಯಿತು.

ಗುರು ಕಾಲುವೆಯುದ್ದಕ್ಕೂ ನಡೆದು ನೋಡಿದರು. ಅದರ ನೀರಿನಲ್ಲಿ ಕೈಕಾಲು ತೊಳೆದುಕೊಂಡರು.

ಕೆಳಗಿನ ಊರಿನ ಹಿರಿಯಳು ಬಾಳವ್ವ ಬಂದು ಕೈಮುಗಿದಳು. "ಸ್ವಾಮಿ, ಈ ನೀರು ನಮ್ಮೂರಿಗೂ ಬಂದೀತೇ?"

"ಅವನನ್ನು ಕೇಳು, ತಾಯಿ."

ಕಲ್ಮೇಶ ಎದೆಯುಬ್ಬಿಸಿದ. "ಬರುತ್ತದೆ ಅವ್ವಾ. ಕಾಲುವೆಯನ್ನೇ ನಿಮ್ಮೂರಿಗೆ ಧಾರೆ ಎರೆದು ಕೊಡುತ್ತೇನೆ."

"ಹಾಗಾದರೆ ಈಗಲೇ ಎರೆ" ಎಂದರು ಗುರು.

ಕೊಡುವವನು ಎರೆದ ನೀರು ಪಡೆಯುವವರ ಬೊಗಸೆಗೆ ಬಿದ್ದರೆ ಮಾತ್ರ ಅದು ದಾನ.

ಬಾಳವ್ವ ಬೊಗಸೆಯೊಡ್ಡಿದಳು. ಕಲ್ಮೇಶ ಬಲಗೈಯಲ್ಲಿ ತಂಬಿಗೆ ಹಿಡಿದು ಮೆಲ್ಲಗೆ ಬಾಗಿಸಿದ. ನೀರು ಅಂಚಿನಲ್ಲೇ ಹೊರಳಿ, ತಂಬಿಗೆಯ ಹೊಟ್ಟೆಯನ್ನು ತಬ್ಬಿಕೊಂಡು ಇಳಿದು, ಅವನ ಕಾಲ ಮೇಲೆಯೇ ಬಿತ್ತು.

"ಕಾಲುವೆಯನ್ನು ನಿನ್ನ ಕಾಲಿಗೇ ಕೊಟ್ಟುಕೊಂಡೆಯಲ್ಲಪ್ಪಾ!" ಬಾಳವ್ವ ನಕ್ಕಳು.

ಇನ್ನಷ್ಟು ಮೆಲ್ಲಗೆ ಎರೆದ. ಮತ್ತೆ ಕಾಲೇ ಒದ್ದೆಯಾಯಿತು.

"ಈ ತಂಬಿಗೆಯೇ ಸರಿಯಿಲ್ಲ, ಗುರುಗಳೇ."

ಗುರು ಅದನ್ನು ತೆಗೆದುಕೊಂಡು ಒಮ್ಮೆಗೇ ಬಾಗಿಸಿದರು. ನೀರು ಅಂಚನ್ನು ಬಿಟ್ಟು ಹಾರಿ ನೇರ ಬೊಗಸೆ ತುಂಬಿತು. ತಂಬಿಗೆಗೆ ಮತ್ತೆ ನೀರು ತುಂಬಿ ಅವನಿಗೇ ಕೊಟ್ಟರು.

"ಅಂಜುತ್ತ ಬಾಗಿಸಿದರೆ ನೀರು ತಂಬಿಗೆಯನ್ನು ಬಿಡುವುದಿಲ್ಲ. ಎರಡೂ ಕೈಯಲ್ಲಿ ಹಿಡಿದು ಎರೆ."

ಕಲ್ಮೇಶ ಎಡಗೈಯ ಮುಷ್ಟಿಯನ್ನು ಬೆನ್ನ ಹಿಂದೆ ಸರಿಸಿದ.

"ಎಡಗೈಗೆ ಏನು ಕೆಲಸ?"

"ತೂಬಿನ ಬೀಗದ ಕೀಲಿ ಇದೆ, ಗುರುಗಳೇ." ಅವನ ದನಿ ತಗ್ಗಿತು. "ಕಾಲುವೆ ಅವರದಾಗಲಿ. ನೀರು ಬಿಡುವುದು, ನಿಲ್ಲಿಸುವುದು ಮಾತ್ರ ನನ್ನ ಕೈಯಲ್ಲಿರಲಿ ಅಂತ. ಇವರು ಜೋರಾಗಿ ಬಿಟ್ಟರೆ ದಂಡೆ ಒಡೆದೀತು."

"ನಾವೇನು ನೀರು ಕಾಣದವರೇ?" ಎಂದಳು ಬಾಳವ್ವ.

"ಬಿಡುವ ಬಗೆ ಕಲಿಸು" ಎಂದರು ಗುರು.

ಕಲ್ಮೇಶ ತನ್ನ ಒದ್ದೆ ಪಾದಗಳನ್ನು ನೋಡುತ್ತ ನಿಂತ. ಬಳಿಕ ಕೀಲಿಯನ್ನು ಬಾಳವ್ವನ ಬೊಗಸೆಯಲ್ಲಿಟ್ಟ. ಎರಡೂ ಕೈಯಲ್ಲಿ ತಂಬಿಗೆ ಎತ್ತಿ ಪೂರ್ತಿ ಬಾಗಿಸಿದ.

ನೀರು ಕಮಾನಾಗಿ ಹಾರಿ ಕೀಲಿಯ ಮೇಲೆ ಬಿತ್ತು. ಅವನ ಕಾಲಿಗೆ ಒಂದು ಹನಿಯೂ ಇಲ್ಲ.

ಬಾಳವ್ವ ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. "ಈ ನೀರು ತಂದವರು ಯಾರು ಅಂತ ಮಕ್ಕಳು ಕೇಳಿದರೆ ಏನು ಹೇಳಲಪ್ಪಾ?"

ಕಲ್ಮೇಶನಿಗೆ ತನ್ನ ಹೆಸರು ನಾಲಿಗೆಯ ತುದಿಗೆ ಬಂತು. ಅಲ್ಲೇ ತಡೆದ.

"ಹೊಳೆಯೇ ಬಂತು ಅನ್ನು, ಅವ್ವಾ."

ಗುರು ಬಂದು ಅವನ ಪಕ್ಕದಲ್ಲಿ ನಿಂತರು.

"ಅವನ ಮಾತು ಕೇಳಬೇಡ, ತಾಯಿ. ನನ್ನ ಶಿಷ್ಯ ತಂದ ಅನ್ನು."