ತಿದಿಕೊಯ್ದ ಗುಡ್ಡ

ಈ ಗುಡ್ಡದ ಹೆಸರನ್ನು ಕದ್ದಿದ್ದಾರೆ. ಗೋವೆಯ ಗಡಿಗೆ ಹತ್ತಿರದ ಕಾಡಿನಲ್ಲಿ, ಜೋಗಿನಕೊಪ್ಪ ದಾಟಿ ಎರಡು ಮೈಲಿ ನಡೆದರೆ ಸಿಗುವ ಕೆಂಪು ಗುಡ್ಡವಿದು. ಬುಡದಲ್ಲಿ ‘ಸಾಹೇಬರ ಗುಡ್ಡ’ ಎಂದು ಹೊಸ ಫಲಕ ನಿಂತಿದೆ. ಯಾರೋ ಬಿಳಿಯ ಅಧಿಕಾರಿ ಕಾಡುಜನರಿಗೆ ಕೆಲಸ ಕೊಟ್ಟು ಉದ್ಧಾರ ಮಾಡಿದನಂತೆ, ಆ ನೆನಪಿಗೆ ಈ ಹೆಸರಂತೆ. ಈ ‘ಅಂತೆ’ಯನ್ನು ಮೊದಲು ಹೇಳಿದವರು ಯಾರೆಂದು ನಾನು ಮೂರು ಕಚೇರಿಗಳಲ್ಲಿ ವಿಚಾರಿಸಿದೆ. ಒಂದು ಕಚೇರಿಯವರು ಇನ್ನೊಂದರ ಕಡೆ ಕೈ ತೋರಿಸಿದರು. ಆದರೆ ಗುಡ್ಡದ ಆಚೆ ಬದಿಯ ಕೇರಿಯಲ್ಲಿ ಯಾವ ಮುದುಕಿಯನ್ನು ಕೇಳಿದರೂ ‘ತಿದಿಕೊಯ್ದ ಗುಡ್ಡ’ ಎಂದೇ ಹೇಳುತ್ತಾಳೆ, ಕಾರಣವನ್ನೂ ಹೇಳುತ್ತಾಳೆ.

ಹಿಂದೆ ಒಮ್ಮೆ ಇಲ್ಲಿ ಏಳು ಕುಲುಮೆಗಳಿದ್ದವು ಎನ್ನುತ್ತಾರೆ. ಅದಿರನ್ನು ಕಾಡಿನ ಇದ್ದಲಿನಲ್ಲಿ ಕರಗಿಸಿ ಕಬ್ಬಿಣ ತೆಗೆಯುವ ಏಳು ಮನೆಯವರು ಇದ್ದರು. ಸುತ್ತಲಿನ ನೇಗಿಲು, ಕುಡುಗೋಲುಗಳೆಲ್ಲ ಇಲ್ಲಿಯವೇ. ಒಳ್ಳೆಯ ಅದಿರಿನ ಪದರು ಎಲ್ಲಿದೆ ಎಂಬುದನ್ನು ಅವರು ಹೊರಗಿನವರಿಗೆ ತೋರಿಸುತ್ತಿರಲಿಲ್ಲ. ಆದರೆ ಒಂದು ಕಟ್ಟಳೆಯಿತ್ತು. ಕುಲುಮೆಗೆ ಬೆಂಕಿ ಹಾಕಿದಾಗಿನಿಂದ ಕಬ್ಬಿಣದ ಗಟ್ಟಿ ಹೊರಬರುವವರೆಗೆ ಯಾರು ಚರ್ಮದ ತಿದಿ ಒತ್ತಿ ಗಾಳಿ ಊದುತ್ತಾರೋ ಅವರು ಬಳಗ. ಬಳಗದವರಿಂದ ಏನನ್ನೂ ಮುಚ್ಚಿಡುವಂತಿಲ್ಲ. ಗೋವೆಯ ಪೋರ್ತುಗೀಸರ ಮನೆಯಿಂದ ತಪ್ಪಿಸಿಕೊಂಡು ಬಂದ ಕತ್ರೀನಾ ಎಂಬ ಸಿದ್ದಿ ಹೆಂಗಸು ಬಳಗವಾದದ್ದು ಹಾಗೆಯೇ. ಅವಳ ತಾಯಿಯನ್ನು ಆಫ್ರಿಕದ ಕರಾವಳಿಯಿಂದ ಹಡಗಿನಲ್ಲಿ ಕಟ್ಟಿ ತಂದಿದ್ದರು.

ಒಂದು ಬೇಸಿಗೆಯಲ್ಲಿ ಒಬ್ಬ ಬಿಳಿಯ ಸಾಹೇಬ ಬಂದ. ಅವರ ಅಂಬಲಿ ಕುಡಿದ, ನೆಲದ ಮೇಲೆ ಕೂತ. ಕೊನೆಗೆ ಕೈಗೆ ಬಟ್ಟೆ ಸುತ್ತಿಕೊಂಡು ತಿದಿ ಒತ್ತಲು ನಿಂತ. ಏಳು ಮನೆಯ ಹಿರಿಯ ಭರಮನಿಗೆ ಹಿಗ್ಗೋ ಹಿಗ್ಗು. ಕತ್ರೀನಾ ಮಾತ್ರ ಅವನನ್ನು ಪಕ್ಕಕ್ಕೆ ಕರೆದಳು.

“ಭರಮಾ, ಅವನ ಕೈ ತಿದಿ ಮ್ಯಾಲೈತಿ. ಕಣ್ಣು ಎಲ್ಲೈತಿ ನೋಡು.”

“ಅಕ್ಕಾ, ನಿನಗ ಬಿಳಿ ಆಕಳು ಕಂಡ್ರೂ ಅಂಜಿಕಿ,” ಎಂದು ಭರಮ ನಕ್ಕ.

“ನಗು, ನಗು. ನಮ್ಮವ್ವನ ಊರಾಗ ಬಂಗಾರ ಇತ್ತು. ಅಲ್ಲಿ ಬಂದಾವ್ರೂ ಮೊದಲು ಕೂಡಿ ಕುಂತು ಉಂಡ್ರು. ಆಮ್ಯಾಲ ಬಂಗಾರ ಎಲ್ಲಿಂದ ಬರ್ತೈತಿ ಅಂತ ಕೇಳಿದ್ರು. ಆಮ್ಯಾಲ ಏನನ್ನೂ ಕೇಳಲಿಲ್ಲ.”

ಭರಮ ಕಟ್ಟಳೆ ಮೀರಲಿಲ್ಲ. ಸಂಜೆ ಗಟ್ಟಿ ಹೊರಬಂದ ಮೇಲೆ ಸಾಹೇಬನ ಹೆಗಲ ಮೇಲೆ ಕೈಹಾಕಿ ಗುಡ್ಡ ಹತ್ತಿಸಿ ಪದರು ತೋರಿಸಿದ. ಸುತ್ತಲಿನ ಬೇರೆ ಯಾವ ಊರಿನವರೂ ಇಂಥ ತಪ್ಪು ಮಾಡುತ್ತಿರಲಿಲ್ಲ. ಬೆವರು ಸುರಿಸಿದವನು ಮೋಸ ಮಾಡಲಾರ ಎಂದು ನಂಬಿದವರು ಇವರಷ್ಟೇ.

ಕತ್ರೀನಾ ಹೇಳಿದ್ದು ಒಂದು ಮನೆಯ ಕಥೆಯಲ್ಲ, ಒಂದು ಖಂಡದ ಕಥೆ. ಆಫ್ರಿಕದ ನೆಲದಲ್ಲಿ ಚಿನ್ನವಿತ್ತು, ತಾಮ್ರವಿತ್ತು, ವಜ್ರವಿತ್ತು, ಕಾಡಿನಲ್ಲಿ ದಂತವೂ ರಬ್ಬರೂ ಇದ್ದವು. ಯುರೋಪಿನ ಕಾರ್ಖಾನೆಗಳಿಗೆ ಕಚ್ಚಾ ಮಾಲು ಬೇಕಿತ್ತು, ತಯಾರಾದ ಮಾಲು ಮಾರಲು ಸಂತೆ ಬೇಕಿತ್ತು. ಮೊದಲು ಆಳುಗಳನ್ನು ಹೊತ್ತೊಯ್ದರು, ಮುಂದೆ ಮೇಜಿನ ಮೇಲೆ ನಕಾಶೆ ಹರಡಿ ನೆಲವನ್ನೇ ಹಂಚಿಕೊಂಡರು. ಹಂಚಿಕೊಂಡ ಆ ಮೇಜಿನ ಸುತ್ತ ಒಬ್ಬ ಆಫ್ರಿಕದವನಿಗೂ ಕುರ್ಚಿ ಇರಲಿಲ್ಲ. ಇದಕ್ಕೆ ನಾಗರಿಕತೆ ಕಲಿಸುವುದು ಎಂದು ಹೆಸರಿಟ್ಟರು. ಚಿನ್ನವನ್ನು ಬಂದರಿಗೆ ಒಯ್ಯುವ ರೈಲು ಹಳಿಯನ್ನು ಅಭಿವೃದ್ಧಿ ಎಂದರು. ಯಾರಾದರೂ ಉಪಕಾರದ ಮಾತಾಡುತ್ತ ನಿಮ್ಮ ನೆಲವನ್ನು ಅಳೆಯುತ್ತಿದ್ದರೆ, ಮಾತು ಬಿಟ್ಟು ಅಳತೆ ನೋಡಿ.

ಭರಮ ಪದರು ತೋರಿಸಿದ ಮರುವರ್ಷ ಗುಡ್ಡಕ್ಕೆ ಸಾಹೇಬನ ಕಾವಲುಗಾರರು ಬಂದರು. ಇದ್ದಲು ಸುಡುವುದು ಅಪರಾಧವಾಯಿತು. ಇದ್ದಲಿಲ್ಲದೆ ಕುಲುಮೆ ಉರಿಯುವುದಿಲ್ಲವಲ್ಲ, ಏಳು ಮನೆಯವರು ತಮ್ಮದೇ ಅದಿರನ್ನು ಸಾಹೇಬನಿಗಾಗಿ ಅಗೆಯುವ ಕೂಲಿಗಳಾದರು. ಸಂತೆಗೆ ಸಾಹೇಬನ ದೇಶದಿಂದ ಹಡಗಿನಲ್ಲಿ ತಂದ ಕಬ್ಬಿಣ ಬಂತು. ಭರಮ ಸಾಹೇಬನ ಡೇರೆಯ ಮುಂದೆ ನಿಂತು, “ನೀವು ನಮ್ಮ ಬಳಗರೀ, ಕುಲುಮಿ ಹಚ್ಚಾಕ ಬಿಡ್ರಿ,” ಎಂದ. ಒಳಗಿನಿಂದ ಜವಾನ ಬಂದು ಕೇಳಿದ: “ಬಳಗ ಅನ್ನಾಕ ಕಾಗದ ಐತೇನು?”

ಆಮೇಲೆ ಬಂದ ಹುಕುಂ ಇನ್ನೊಂದು. ಸಾಹೇಬನ ದೇಶದಲ್ಲಿ ದೊಡ್ಡ ಪ್ರದರ್ಶನವಂತೆ. ಕಾಡುಜನರು ಕಬ್ಬಿಣ ಮಾಡುವ ಚಂದ ತೋರಿಸಲು ಏಳು ತಿದಿ, ಒತ್ತಲು ಎರಡು ಮನೆಯ ಜನ, ಗಾಡಿ ಹತ್ತಬೇಕು. ಸುಟ್ಟರೆ ಅಪರಾಧವೆನಿಸಿದ ಬೆಂಕಿ, ಅಲ್ಲಿ ಬಿಳಿಯರ ಮುಂದೆ ಉರಿದರೆ ತಮಾಷೆ! ಗಾಡಿ ಬರುವ ದಿನ ಬೆಳಿಗ್ಗೆ ಭರಮ ತಿದಿಗಳನ್ನೆಲ್ಲ ಗುಡ್ಡದ ನೆತ್ತಿಗೆ ಹೊತ್ತೊಯ್ದ. ಕತ್ರೀನಾ ಕುಡುಗೋಲು ಹಿಡಿದು ಹಿಂದೆ ಹತ್ತಿದಳು.

“ಅಕ್ಕಾ, ಅವತ್ತು ನಾ ನಕ್ಕೆ.”

“ಇವತ್ತು ಅಳಬ್ಯಾಡ. ಬಿಗಿಯಾಗಿ ಹಿಡಿ, ನಾ ಕೊಯ್ತೀನಿ.”

ಅಜ್ಜನ ಕಾಲದ ತೊಗಲು, ಮಕ್ಕಳ ಹಾಗೆ ಎಣ್ಣೆ ಹಚ್ಚಿ ಸಾಕಿದ ತಿದಿಗಳು. ಏಳನ್ನೂ ಅವನು ಹಿಡಿದ, ಅವಳು ಕೊಯ್ದಳು. ಗಾಡಿ ಬರಿದಾಗಿ ಹಿಂತಿರುಗಿತು. ಭರಮನನ್ನು ಹಿಡಿದೊಯ್ದರು, ಅವನು ಮರಳಲಿಲ್ಲ. ಕತ್ರೀನಾ ಕಾಡು ಸೇರಿದಳು ಎನ್ನುತ್ತಾರೆ. ಹಾಳು ಮಾಡಿದ್ದು ಸೋಮಾರಿತನದಿಂದ ಎಂದು ಸಾಹೇಬ ಬರೆದಿಟ್ಟನಂತೆ. ಆದರೆ ಏಳು ಮನೆಯವರಲ್ಲಿ ಒಬ್ಬರೂ ಆ ಪ್ರದರ್ಶನದಲ್ಲಿ ನಿಲ್ಲಲಿಲ್ಲ. ಗುಡ್ಡಕ್ಕೆ ಆ ಹೆಸರು ಉಳಿಯಿತು.

ಇವತ್ತಿಗೂ ಹೋದವರಿಗೆ ಗುಡ್ಡದ ಆಚೆ ಬದಿಯಲ್ಲಿ ಕುಲುಮೆಗಳಿದ್ದ ಏಳು ಸುಟ್ಟ ಗುಂಡಿಗಳು, ಸುತ್ತ ಕರಿಯ ಕಿಟ್ಟದ ರಾಶಿ, ಮಣ್ಣಿನ ಊದುಗೊಳವೆಯ ಚೂರುಗಳು ಕಾಣುತ್ತವೆ. ಹೋದ ತಿಂಗಳಿನಿಂದ ಇನ್ನೊಂದೂ ಕಾಣುತ್ತಿದೆ: ತಲೆಗೆ ಹಳದಿ ಬಣ್ಣ ಬಳಿದ ಹದಿನಾಲ್ಕು ಅಳತೆಕಲ್ಲುಗಳು. ನೆಟ್ಟ ಗಣಿಯ ಕಡೆಯವರು ಕೇರಿಯವರೊಂದಿಗೆ ಚಹಾ ಕುಡಿದರು, ಶಾಲೆಗೆ ಗಡಿಯಾರ ಕೊಟ್ಟರು, ಒಳ್ಳೆಯ ಅದಿರು ಯಾವ ಕಡೆ ಎಂದು ಕೇಳಿ ಹೋದರು. ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಜೋಗಿನಕೊಪ್ಪದ ಗ್ರಾಮಸಭೆ. ಊರವರೇ, ಗುಡ್ಡವನ್ನು ಗಣಿಗೆ ಕೊಡುವ ಠರಾವಿಗೆ ನಿಮ್ಮ ಸಹಿ ಕೇಳುತ್ತಾರೆ. ಬನ್ನಿ. ಆ ಕಲ್ಲುಗಳನ್ನು ಯಾರ ಅಪ್ಪಣೆಯಿಂದ ನೆಟ್ಟಿರಿ ಎಂದು ಎದ್ದುನಿಂತು ಕೇಳಿ. ಉತ್ತರ ಬರುವವರೆಗೆ ಕೂರಬೇಡಿ, ಸಹಿ ಹಾಕಬೇಡಿ.