ದಡದಲ್ಲಿ ನಿಂತ ಅಂಬಿಗ

“ಗುರುಗಳೇ, ನನ್ನ ಮುಂದೆ ಪಟಪಟನೆ ಉತ್ತರ ಹೇಳುವ ಮಕ್ಕಳು ನಿಮ್ಮ ಮುಂದೆ ಮೂಕರಾಗುವುದೇಕೆ?”

ಕೇಳಿದವನು ಶಿಷ್ಯ ಮುರಿಗೆಪ್ಪ. ಮಠದ ಚಿಕ್ಕ ಮಕ್ಕಳಿಗೆ ಪಾಠ ಹೇಳುವ ಹೊಣೆ ಅವನದು. ಅಂದು ಬೆಳಿಗ್ಗೆ ಗುರುಗಳು ಅವನನ್ನು ನೀರು ತರಲು ಕಳಿಸಿ, ತಾವೇ ಮಕ್ಕಳ ಮುಂದೆ ಕೂತರು. ಹಿಂದಿನ ದಿನ ಮುರಿಗೆಪ್ಪ ಕೇಳಿದ್ದ ಪ್ರಶ್ನೆಗಳನ್ನೇ ಕೇಳಿದರು. ಒಬ್ಬರ ಬಾಯಿಂದಲೂ ಮಾತು ಹೊರಡಲಿಲ್ಲ. ಇವರು ಮುಂದಿನ ಪಾಠಕ್ಕೆ ಹೋಗುವಂತಿಲ್ಲ ಎಂದು ಹೇಳಿ ಗುರುಗಳು ಎದ್ದುಬಂದಿದ್ದರು.

“ಅವರಿಗೆ ಎಲ್ಲವೂ ಬರುತ್ತದೆ. ನಿಮ್ಮನ್ನು ಕಂಡು ಹೆದರಿದರು, ಅಷ್ಟೇ” ಎಂದ ಮುರಿಗೆಪ್ಪ. ಅವನಿಗೆ ನಿಜಕ್ಕೂ ನೋವಾಗಿತ್ತು.

“ನನ್ನ ಮುಖ ಅಷ್ಟು ಭಯಂಕರವೇನಪ್ಪಾ? ಇರಲಿ, ಕೂರು. ಒಬ್ಬ ಅಂಬಿಗನ ಕತೆ ಹೇಳುತ್ತೇನೆ” ಎಂದರು ಗುರುಗಳು.

ಒಂದು ಊರು. ಊರ ಮುಂದೆ ಹೊಳೆ. ಸಂತೆ, ಸೂಲಗಿತ್ತಿ, ವೈದ್ಯ ಎಲ್ಲರೂ ಆಚೆ ದಡದಲ್ಲಿ. ದಾಟಿಸುವವನು ಒಬ್ಬ ಅಂಬಿಗ. ಅವನ ಬಳಿ ಇದ್ದದ್ದು ಹರಿಗೋಲು. ನೋಡಿದ್ದೀಯಲ್ಲ, ದೊಡ್ಡ ಬುಟ್ಟಿಯಂತೆ ದುಂಡಗಿರುತ್ತದೆ. ಅದಕ್ಕೆ ಹಿಂದೂ ಇಲ್ಲ, ಮುಂದೂ ಇಲ್ಲ. ಹುಟ್ಟು ಹಾಕುವ ಕೈ ತಪ್ಪಿದರೆ ನಿಂತಲ್ಲೇ ಬುಗುರಿಯಾಗುತ್ತದೆ.

ಅಂಬಿಗನ ರಟ್ಟೆ ಸೋತಿತ್ತು. ಇದ್ದವಳು ಒಬ್ಬಳೇ ಮಗಳು. ಮಳೆಗಾಲದೊಳಗೆ ಅವಳ ಕೈ ಪಳಗದಿದ್ದರೆ ಊರಿನವರು ಹೊಳೆ ದಾಟಿಸುವ ಆ ಕೆಲಸವನ್ನು ಬೇರೆಯವರಿಗೆ ಒಪ್ಪಿಸುವವರಿದ್ದರು. ಆಮೇಲೆ ಆ ಮನೆಗೆ ಹೊಳೆಯೂ ಇಲ್ಲ, ಅನ್ನವೂ ಇಲ್ಲ. ಮಗಳಿಗೆ ಇದು ಗೊತ್ತಿತ್ತು. ಹಟ ಹಿಡಿದು ಕಲಿತಳು.

ಪರೀಕ್ಷೆಗೆ ಅವರಲ್ಲಿ ಒಂದು ಪದ್ಧತಿ ಇತ್ತು. ಕಲಿಸಿದವನು ಹರಿಗೋಲಿನಲ್ಲಿ ಸುಮ್ಮನೆ ಕೂರಬೇಕು. ಬಾಯಿ ಬಿಡಬಾರದು, ಹುಟ್ಟು ಮುಟ್ಟಬಾರದು. ಕಲಿತವರು ಅವನನ್ನು ಆಚೆ ದಡಕ್ಕೆ ಮುಟ್ಟಿಸಿದರೆ, ಅವನು ಹುಟ್ಟಿಗೆ ಅರಿಸಿನ ಹಚ್ಚಿ ಕೊಡುತ್ತಾನೆ. ಅಂಬಿಗ ಕೂತ. ಮಗಳು ನೆಟ್ಟಗೆ ದಾಟಿಸಿದಳು. ಅಪ್ಪ ಹಿಗ್ಗಿ ಹೀರೇಕಾಯಿಯಾದ. ಅರಿಸಿನ ಹಚ್ಚಿದ.

ಮರುದಿನ ಅವಳು ಜನರನ್ನು ಹತ್ತಿಸಿಕೊಂಡಳು. ಅವರಲ್ಲಿ ಒಬ್ಬ ಬಾಣಂತಿ ಇದ್ದಳು, ಮಡಿಲಲ್ಲಿ ಹಸುಗೂಸು. ನಡುಹೊಳೆಯ ಸೆಳವಿಗೆ ಬಂದದ್ದೇ ತಡ, ಹರಿಗೋಲು ಗಿರ್ರನೆ ತಿರುಗಿತು. ಕೊಚ್ಚಿಕೊಂಡು ಹೋಗಿ ಬಂಡೆಗೆ ಬಡಿಯಿತು. ಬಾಣಂತಿಯ ಕೈಯಿಂದ ಕೂಸು ಜಾರಿತು. ಪಕ್ಕದವನು ಬಟ್ಟೆ ಹಿಡಿದು ಎಳೆದುಕೊಂಡ. ಸದ್ಯ, ಯಾರ ಜೀವವೂ ಹೋಗಲಿಲ್ಲ.

“ಇವತ್ತು ಹೊಳೆ ಸರಿಯಿರಲಿಲ್ಲ, ಬಿಡು” ಎಂದ ಅಪ್ಪ. ಹಿಂದೆ ಅವನ ಕೈಯಲ್ಲಿ ಕಲಿತು ಬೇರೆ ಊರಿಗೆ ಹೋದವರೂ ಹೀಗೇ ಮುಗ್ಗರಿಸಿದ್ದರು. ಆಗಲೂ ಅವನು ಆ ಊರುಗಳ ಹೊಳೆಗಳನ್ನೇ ಬೈದಿದ್ದ. ತನ್ನ ಪಾಠದ ಮೇಲೆ ಅವನಿಗೆ ಅನುಮಾನವೇ ಬಂದಿರಲಿಲ್ಲ.

ಮಗಳು ಹುಟ್ಟಿನ ಅರಿಸಿನವನ್ನು ತಿಕ್ಕಿ ತೊಳೆದಳು. ಅಪ್ಪನ ತೂಕದಷ್ಟು ಜೋಳದ ಮೂಟೆಗಳನ್ನು ಅವನು ಕೂರುವ ಜಾಗದಲ್ಲೇ ಇಟ್ಟು ಹೊಳೆಗೆ ಇಳಿದಳು. ಹರಿಗೋಲು ತಿರುಗಿತು. ಮೂಟೆ ಇಳಿಸಿ ಅಪ್ಪನನ್ನು ಕೂರಿಸಿಕೊಂಡಳು. ಗೆರೆ ಎಳೆದಂತೆ ಹೋಯಿತು! ಅದೇ ಹೊಳೆ, ಅದೇ ಕೈ, ಅದೇ ಭಾರ.

ಇನ್ನೊಮ್ಮೆ ಅಪ್ಪನನ್ನು ಕೂರಿಸಿಕೊಂಡಳು. ಈ ಸಲ ನೀರನ್ನು ನೋಡಲಿಲ್ಲ, ಅವನನ್ನೇ ನೋಡಿದಳು. ಸೆಳವು ಬಂತು. ಅವಳ ಹುಟ್ಟು ಅಲುಗುವ ಮೊದಲೇ ಅಪ್ಪನ ಸೊಂಟ ಎಡಕ್ಕೆ ವಾಲಿತು. ಹರಿಗೋಲು ನೆಟ್ಟಗಾಯಿತು.

“ಅಪ್ಪಾ, ಈಗ ಯಾಕೆ ವಾಲಿದೆ?”

“ನಾನೆಲ್ಲಿ ವಾಲಿದೆ? ಬಾಯಿ ಮುಚ್ಚಿಕೊಂಡು ಕಲ್ಲಿನ ಹಾಗೆ ಕೂತಿದ್ದೇನೆ.”

ಅವನು ಸುಳ್ಳು ಹೇಳಲಿಲ್ಲ, ಮುರಿಗೆಪ್ಪ. ಹುಟ್ಟಿದಾಗಿನಿಂದ ಹೊಳೆಯ ಮೇಲಿದ್ದ ಮೈ ಅದು. ಸೆಳವು ಬಂದರೆ ಅವನನ್ನು ಕೇಳದೆಯೇ ವಾಲುತ್ತಿತ್ತು. ಹೊಳೆ ದಾಟಿಸುತ್ತಿದ್ದದ್ದು ಆ ಸೊಂಟ. ಅರಿಸಿನ ಮಾತ್ರ ಕಲಿತವರ ಹುಟ್ಟಿಗೆ. ನೀನೇನು ಅಷ್ಟು ಜೋರಾಗಿ ತಲೆಯಾಡಿಸುತ್ತೀಯೆ? ಹುಬ್ಬು ಬೇರೆ ನೆತ್ತಿಗೆ ಏರಿದೆ. ಮನಸ್ಸಿನಲ್ಲಿ ಇರುವುದೆಲ್ಲ ಮುಖದ ಮೇಲೆ ಬರೆದಿಟ್ಟುಕೊಳ್ಳುತ್ತೀಯಲ್ಲೋ! ಕೇಳು ಮುಂದೆ.

ಮಗಳು ಹರಿಗೋಲನ್ನು ಈಚೆ ದಡಕ್ಕೆ ತಂದಳು. “ಇಳಿ ಅಪ್ಪಾ. ಇನ್ನು ನಾನೊಬ್ಬಳೇ ಹೋಗುತ್ತೇನೆ. ನೀನು ದಡದಲ್ಲಿ ನಿಲ್ಲು” ಎಂದಳು.

ಅಪ್ಪ ಹರಿಗೋಲಿನ ಅಂಚು ಹಿಡಿದುಕೊಂಡ. “ನೀನು ಮುಳುಗಿದರೆ ನಾನು ನಿಂತು ನೋಡಲೇನೇ?”

“ನೋಡು. ಇವತ್ತು ನನ್ನನ್ನು ನೋಡದಿದ್ದರೆ, ಮಳೆಗಾಲದಲ್ಲಿ ಆ ಬಾಣಂತಿಯನ್ನೂ ಕೂಸನ್ನೂ ನೋಡಬೇಕಾಗುತ್ತದೆ.”

ಅವನು ಇಳಿದ. ಅವನ ಬದುಕಿನಲ್ಲಿ ಅಷ್ಟು ಕಷ್ಟದ ಕೆಲಸವನ್ನು ಅವನು ಮಾಡಿರಲಿಲ್ಲ.

ಅವಳು ಹೋದಳು. ಹರಿಗೋಲು ತಿರುಗಿತು, ಕೊಚ್ಚಿಕೊಂಡು ಹೋಯಿತು. ಕೆಳಗಿನ ತಿರುವಿನಲ್ಲಿ ಹೇಗೋ ದಡ ಹಿಡಿದು, ಹರಿಗೋಲನ್ನು ತಲೆಯ ಮೇಲೆ ಕವುಚಿಕೊಂಡು ನಡೆದು ಬಂದಳು. ಮತ್ತೆ ಹೋದಳು. ಮತ್ತೆ ಅದೇ ಗತಿ. ಅಂಗೈ ಬೊಕ್ಕೆ ಒಡೆದು ರಕ್ತ ಬಂತು. ಅರಿವೆ ಸುತ್ತಿಕೊಂಡು ಮತ್ತೆ ಇಳಿದಳು. ದಡದಲ್ಲಿ ನಿಂತ ಅಪ್ಪ ಎಡಕ್ಕೂ ಬಲಕ್ಕೂ ವಾಲಿ ವಾಲಿ ಕೆಸರಿನಲ್ಲಿ ಬಿದ್ದ. ಕಂಡವರು ಬಿದ್ದು ಬಿದ್ದು ನಕ್ಕರು. ಅವನ ಕಣ್ಣು ಮಾತ್ರ ಮಗಳ ಮೇಲೇ ಇತ್ತು. ಎದ್ದು ನಿಂತು ಮತ್ತೆ ವಾಲಿದ. ಪಾಪ, ಅವನ ವಾಲಾಟ ಈಗ ಯಾರನ್ನೂ ಮುಟ್ಟುತ್ತಿರಲಿಲ್ಲ.

ಎಷ್ಟೋ ದಿನ ಹೀಗೇ ನಡೆಯಿತು. ಅವಳು ಪಟ್ಟು ಬಿಡಲಿಲ್ಲ. ಬರಬರುತ್ತಾ ಅವಳ ಮಣಿಕಟ್ಟಿಗೇ ಸೆಳವು ತಿಳಿಯತೊಡಗಿತು. ಒಂದು ದಿನ ಹರಿಗೋಲು ತಿರುಗಲು ಹೊರಟಿತು, ಅವಳು ತಿರುಗಗೊಡಲಿಲ್ಲ. ಆಚೆ ದಡ ಮುಟ್ಟಿ, ಹಾಗೇ ಈಚೆ ಬಂದಳು.

“ಈಗ ಹತ್ತು ಅಪ್ಪಾ” ಎಂದಳು.

ಅವನು ಹತ್ತಿ ಕೂತ. ನಡುಹೊಳೆಯಲ್ಲಿ ಅವನ ಸೊಂಟ ಹಳೆಯ ಚಾಳಿಯಂತೆ ಎಡಕ್ಕೆ ವಾಲಿತು. ಅಷ್ಟರಲ್ಲಿ ಅವಳ ಹುಟ್ಟು ಸೆಳವನ್ನು ತಡೆದಾಗಿತ್ತು. ಅವನು ವಾಲಿದ್ದೇ ಹೆಚ್ಚಾಗಿ, ಹರಿಗೋಲು ಇನ್ನೊಂದು ಕಡೆಗೆ ಹೊರಳಿತು. ಅವಳು ಒಂದೇ ಎಳೆತಕ್ಕೆ ನೆಟ್ಟಗೆ ಮಾಡಿ, “ಸುಮ್ಮನೆ ಕೂತುಕೋ ಅಪ್ಪಾ” ಎಂದಳು. ಅಂಬಿಗ ತನ್ನ ಸೊಂಟ ಮಾಡಿದ್ದನ್ನು ಆಗ ಮೊದಲ ಸಲ ಕಂಡ. ಅವನ ಕಣ್ಣಲ್ಲಿ ನೀರು ಬಂತು. ಆಚೆ ದಡದಲ್ಲಿ ಇಳಿದು, ಅರಿಸಿನ ಕಲಸಿ, ಎರಡನೆಯ ಸಲ ಅವಳ ಹುಟ್ಟಿಗೆ ಹಚ್ಚಿದ. ಆ ಮಳೆಗಾಲ ಅವಳ ಹರಿಗೋಲಿಗೆ ಮೊದಲು ಹತ್ತಿದವಳು ಆ ಬಾಣಂತಿ.

ಗುರುಗಳು ಕತೆ ನಿಲ್ಲಿಸಿದರು.

ಮುರಿಗೆಪ್ಪ ಅಂದ: “ಆದರೆ ಗುರುಗಳೇ, ನಾನು ಮಕ್ಕಳಿಗೆ ಉತ್ತರ ಹೇಳಿಕೊಟ್ಟವನೇ ಅಲ್ಲ. ಪ್ರಶ್ನೆ ಕೇಳಿದ ಮೇಲೆ ತುಟಿ ಬಿಚ್ಚುವುದಿಲ್ಲ.”

ಹಾಗೆ ಹೇಳುವಾಗ ಅವನ ತಲೆ ಅತ್ತಿತ್ತ ಜೋರಾಗಿ ಆಡುತ್ತಿತ್ತು. ಹುಬ್ಬು ಮತ್ತೆ ನೆತ್ತಿಗೆ ಏರಿತ್ತು.

ಗುರುಗಳು ಅವನ ಮುಖವನ್ನೇ ನೋಡುತ್ತಾ ಹೇಳಿದರು: “ನಾಳೆ ಮಕ್ಕಳಿಗೆ ಬೆನ್ನು ಮಾಡಿ ಕೂತು ಪ್ರಶ್ನೆ ಕೇಳು.”