ಗೂಡಿನಲ್ಲಿ ನಿಂತ ನಾಲ್ಕು ಬಿಲ್ಲೆ

ಕಳಿಸಿದ ಆಳು ಹೇಳಿದ್ದನ್ನ ತಂದೇ ತರ್ತಾನೆ, ಬರಿಗೈಲಿ ಯಾರೂ ವಾಪಸ್ ಬರಲ್ಲ ಅಂತ ಒಂದಾನೊಂದು ಕಾಲದಲ್ಲಿ ಬೊಮ್ಮರಸನ ಊರಲ್ಲಿ ಎಲ್ಲಾರೂ ನಂಬಿದ್ರಂತೆ. ಬರಿಗೈಲಿ ಬಂದ್ರೆ ತಲೆ ತೆಗೀತೀನಿ ಅಂತ ಅರಸನ ಕಟ್ಟಳೆ. ಇವತ್ತಿನವರೆಗೆ ಒಂದು ತಲೆಯೂ ತೆಗೆದಿಲ್ಲ, ಎಂಥಾ ನಿಯತ್ತಿನ ಜನ ನೋಡಿ ಅಂತ ಅವನು ಮೀಸೆ ತಿರುವ್ತಿದ್ನಂತೆ.

ಇನ್ನೂ ಒಂದು ಕಟ್ಟಳೆ. ಒಬ್ಬ ಹೋದ್ರೆ ಅವನು ಬರೋವರೆಗೂ ಇನ್ನೊಬ್ಬ ಹೊರಡೋ ಹಾಗಿಲ್ಲ. ಅರಮನೆಯಲ್ಲಿ ಒಂದೇ ಒಲೆ, ಒಬ್ಬಳೇ ಅಡುಗೆಯವಳು, ಸಂಕವ್ವ. ಅವಳ ಗಂಡ ಕೆಂಚ ಉಪ್ಪು ತರೋಕೆ ಅಂತ ಕಡಲ ಕಡೆ ಹೋದ, ಬರಲೇ ಇಲ್ಲ. ಆಮೇಲೆ ಏಳು ವರ್ಷ ಜನ ಸರದಿ ಮೇಲೆ ಹೆಬ್ಬಾಗಿಲಲ್ಲಿ ನಿಂತು ದಾರಿ ನೋಡಿದ್ರಂತೆ, ಏಳು ವರ್ಷ ಅರಸನಿಂದ ಹಿಡಿದು ಮಾವುತನವರೆಗೆ ಸಪ್ಪೆ ಸಾರು ಉಂಡ್ರಂತೆ. ಬೇರೆಯವರನ್ನ ಕಳಿಸಬಹುದಿತ್ತಲ್ಲ ಅಂತೀಯ. ಕಳಿಸಿದ್ರೆ ಕೆಂಚ ಸತ್ತ ಅಂತ ಒಪ್ಪಿದ ಹಾಗೆ, ಸಂಕವ್ವನ ಬಳೆ ಒಡೀಬೇಕು. ಅದಕ್ಕೇ ಅವಳೂ ಬಾಯಿ ಮುಚ್ಕೊಂಡಿದ್ಲಂತೆ.

ಆಮೇಲೆ ಅರಸನ ಮಗಳು ಹೊನ್ನಿ, ನಿನ್ನಷ್ಟೇ ಮಗು, ಕಾಯಿಲೆ ಬಿದ್ಲಂತೆ. ತಿಂದದ್ದು ಯಾವುದೂ ಹೊಟ್ಟೇಲಿ ನಿಲ್ತಿರಲಿಲ್ಲ. ಮದ್ದು ಕೊಡೋ ಮುದುಕಿ ಬಂದು ನಾಡಿ ಹಿಡಿದು, ಹಳೇ ಅಕ್ಕಿ, ಹೆಜ್ಜೇನು, ಉಪ್ಪು, ಮೂರೂ ಕೂಡಿಸಿ ಗಂಜಿ ಕಾಯಿಸಿ ಕೊಡಿ, ಎಂಟು ದಿನ ದಾಟಿದ್ರೆ ಆಮೇಲೆ ನನ್ನ ಕರೀಬೇಡಿ ಅಂದ್ಲಂತೆ. ಒಂದೊಂದಕ್ಕೂ ಹೋಗಿ ಬರೋಕೆ ಆರಾರು ದಿನ. ಅರಸ ಬೆರಳು ಮಡಚಿ ಹದಿನೆಂಟು ಅಂದ. ಅಂದವನು ಸೀದಾ ಹೋಗಿ ಹೆಬ್ಬಾಗಿಲಲ್ಲಿ ನಿಂತ. ಮೊದಲು ಕೆಂಚ ಬರಲಿ, ಆಮೇಲೆ ಮಿಕ್ಕಿದ್ದು ಅಂತ.

ಸಂಕವ್ವನ ಕೈಲಿದ್ದ ಸೌಟು ಬಿದ್ದೇ ಹೋಯ್ತಂತೆ. ಒಳಗೆ ಕೂಸು ಸಾಯ್ತಾ ಇದೆ, ಅಪ್ಪ ಹೊರಗೆ ದಾರಿ ನೋಡ್ತಾ ಇದಾನೆ. ಅವಳು ಒಂದು ಗಳಿಗೆ ತನ್ನ ಬಳೆ ನೋಡ್ಕೊಂಡ್ಲು. ಆಮೇಲೆ ಒಡೆದ ಮಡಕೆ ಚೂರು ತೇಯ್ದು ನಾಲ್ಕು ಬಿಲ್ಲೆ ಮಾಡಿ, ಒಲೆ ಮೇಲಿನ ಗೂಡಲ್ಲಿ ಸಾಲಾಗಿ ನಿಲ್ಲಿಸಿದ್ಲಂತೆ. ಅಕ್ಕಿಗೆ ದ್ಯಾವ, ಜೇನಿಗೆ ಕಾಳ, ಉಪ್ಪಿಗೆ ನಿಂಗ, ಮೂವರು ಆಳುಗಳನ್ನೂ ಒಟ್ಟಿಗೇ ಹೊರಡಿಸಿದ್ಲು. ನೋಡ್ರಪ್ಪಾ, ನೀವು ತಂದ್ರೆ ನಿಮ್ಮ ನಿಮ್ಮ ಬಿಲ್ಲೆ ಅಂಗಾತ ಮಲಗಿಸ್ತೀನಿ, ಸಿಗಲಿಲ್ಲ ಅಂದ್ರೆ ಬೋರಲು ಹಾಕ್ತೀನಿ. ಅಂಗಾತ ಬಿದ್ರೆ ಏನು ಮಾಡ್ಬೇಕು, ಬೋರಲು ಬಿದ್ರೆ ಏನು ಮಾಡ್ಬೇಕು, ಎರಡೂ ಈಗಲೇ ಯೋಚಿಸಿದೀನಿ. ಸಿಗದಿದ್ರೆ ಬರಿಗೈಲೇ ಬಂದು ಇಲ್ಲ ಅನ್ನಿ. ತಲೆ ತೆಗೆಯೋಕೆ ಬಂದ್ರೆ ಮೊದಲು ನನ್ನದು ಅಂದ್ಲಂತೆ.

ಸುದ್ದಿ ಕೇಳಿ ಅರಸ ಹೆಬ್ಬಾಗಿಲು ಬಿಟ್ಟು ಅಡುಗೆಮನೆಗೆ ಓಡಿ ಬಂದ. ಇಲ್ಲ ಅನ್ನೋದನ್ನೂ ಹೇಳಿಕೊಟ್ಟು ಕಳಿಸ್ತಾರೇನೇ? ಅದಿರಲಿ, ನಾಲ್ಕನೇದು ಯಾರದು?

ಕೆಂಚನದು ಬುದ್ಧಿ.

ಉಪ್ಪಿಗೆ ನಿಂಗನ್ನ ಕಳಿಸಿದ ಮೇಲೆ ಕೆಂಚ ಸತ್ತ ಹಾಗಲ್ವಾ?

ಅವನದು ಇನ್ನೂ ನಿಂತಿದೆ ಬುದ್ಧಿ, ಬಿದ್ದಿಲ್ಲ. ಬೀಳೋವರೆಗೂ ನನ್ನ ಬಳೆ ಮುಟ್ಟಿದವರ ಕೈಗೆ ಬರೆ ಹಾಕ್ತೀನಿ.

ನಿಮ್ಮಮ್ಮ ಕಂಪ್ಯೂಟರಲ್ಲಿ ಪ್ರಾಮಿಸ್ ಪ್ರಾಮಿಸ್ ಅಂತ ಪ್ರೋಗ್ರಾಂ ಬರೀತಾಳಲ್ಲ, ಕೇಳಿದ್ದು ಆಮೇಲೆ ಬರುತ್ತೆ ಇಲ್ಲಾ ಬರಲ್ಲ ಅನ್ನೋ ಗುರುತು, ಅದೂ ಈ ಬಿಲ್ಲೆಯೇ, ಹೆಸರು ದೊಡ್ಡದು ಅಷ್ಟೇ. ಮೊನ್ನೆ ಸಾಮಾನು ಬಂದ್ರೆ ಏನು ಅಂತ ಮಾತ್ರ ಬರೆದು, ಬರದಿದ್ರೆ ಏನು ಅಂತ ಬರೆಯೋದು ಮರೆತ್ಲು. ಪುಟದಲ್ಲಿ ಆ ಕಾಯಿಸೋ ಚಕ್ರ ಮಧ್ಯಾಹ್ನವೆಲ್ಲ ಸುತ್ತಿದ್ದೇ ಸುತ್ತಿದ್ದು. ಬೊಮ್ಮರಸನ ಊರಿನವಳೇ ಅವಳೂ.

ಆಮೇಲೆ ಊರಿಗೆ ಊರೇ ಅಡುಗೆಮನೆಗೆ ಬಗ್ಗಿ ನೋಡಿ ಬೆಚ್ಚಿಬಿತ್ತಂತೆ. ಅಯ್ಯಯ್ಯೋ, ಮೂವರನ್ನ ಕಳಿಸಿ ಇವಳು ಪಾತ್ರೆ ತಿಕ್ತಾ ಇದಾಳೆ! ದಾರಿ ನೋಡೋರು ಯಾರು? ಸಂಕವ್ವ ಸೌದೆ ಒಡೆದ್ಲು, ನೀರು ತಂದ್ಲು, ಹೊನ್ನಿಯ ಹಣೆಗೆ ಒದ್ದೆ ಬಟ್ಟೆ ಹಾಕಿದ್ಲು. ಆರನೇ ದಿನ ದ್ಯಾವ ಅಕ್ಕಿ ತಂದ, ಒಂದು ಬಿಲ್ಲೆ ಅಂಗಾತ. ಅವತ್ತೇ ಸಂಜೆ ಕಾಳ ಮುಖವೆಲ್ಲ ಊದಿಸ್ಕೊಂಡು ಜೇನು ತಂದ, ಇನ್ನೊಂದು ಅಂಗಾತ. ಏಳನೇ ದಿನ ನಿಂಗ ಬಂದ. ಕೈ ಖಾಲಿ.

ಹೆಬ್ಬಾಗಿಲಲ್ಲಿ ಇದ್ದ ಮುದುಕರು ಕೂತಲ್ಲೇ ಕಲ್ಲಾದ್ರಂತೆ. ಬರಿಗೈಲಿ ಬಂದ ಮನುಷ್ಯನನ್ನ ಆ ಊರು ಅವತ್ತೇ ಮೊದಲು ನೋಡಿದ್ದು. ನಿಂಗ, ಕಡಲು ಏರಿ ಬಂದು ಉಪ್ಪಿನ ಗದ್ದೆಗಳೆಲ್ಲ ಕೊಚ್ಚಿಹೋಗಿವೆ ಅಕ್ಕಾ, ಏಳು ವರ್ಷ ಆಯ್ತಂತೆ ಅಂದ. ಬರ್ತಾ ಹಳ್ಳದ ಆಚೆ ಗಡ್ಡದವನೊಬ್ಬ ಅಡ್ಡ ಬಂದು, ಬರಿಗೈಲಿ ಹೋಗ್ಬೇಡವೋ ತಲೆ ಹೋಗುತ್ತೆ ಅಂದ. ಅಡುಗೆಯವಳೇ ಬಾ ಅಂದಿದಾಳೆ ಅಂದೆ. ಅಷ್ಟಕ್ಕೇ ಗೋಳೋ ಅಂತ ಅಳ್ತಾ ಕೂತ, ಪಾಪ, ಅಂದ ನಿಂಗ.

ಸಂಕವ್ವ ಮೂರನೇ ಬಿಲ್ಲೆ ಬೋರಲು ಹಾಕಿ, ಗುದ್ದಲಿ ತಗೊಂಡು ಹಿತ್ತಲಿಗೆ ಹೋದ್ಲು. ಉಪ್ಪು ಒಸರೋ ಚೌಳು ಮಣ್ಣು ಕೆರೆದು ತಂದು, ನೀರಲ್ಲಿ ಕದಡಿ, ತಿಳಿ ಸೋಸಿ, ಇಂಗೋವರೆಗೂ ಕುದಿಸಿದ್ಲು. ಮಡಕೆ ತಳದಲ್ಲಿ ಬೊಗಸೆ ಉಪ್ಪು. ಅರಸ ಒಂದು ಹರಳು ನಾಲಿಗೆಗೆ ಹಚ್ಚಿ ನೋಡಿದ. ಏಳು ವರ್ಷವೂ ಇದು ಹಿತ್ತಲಲ್ಲೇ ಇತ್ತೇನೇ?

ಇತ್ತು ಬುದ್ಧಿ. ಅಲ್ಲಿ ಇಲ್ಲ ಅಂತ ಯಾರೂ ಬಂದು ಹೇಳಲಿಲ್ಲ. ಇಲ್ಲಿ ಯಾಕೆ ಕೆರೀತಾರೆ?

ಎಂಟನೇ ದಿನ ಬೆಳಿಗ್ಗೆ ಹೊನ್ನಿ ಗಂಜಿ ಕುಡಿದು, ಕಕ್ಕಲಿಲ್ಲ, ಇನ್ನೊಂದು ಬಟ್ಟಲು ಕೇಳಿದ್ಲಂತೆ. ಅರಸ ತಲೆ ತೆಗೆಯೋ ಕಟ್ಟಳೆ ತೆಗೆದುಹಾಕಿದ. ಅದರ ಮಾರನೇ ದಿನ ಗಡ್ಡದವನು ಅಡುಗೆಮನೆ ಹಿಂಬಾಗಿಲಲ್ಲಿ ಬಂದು ನಿಂತು, ಉಪ್ಪು ಸಿಗಲಿಲ್ಲ ಕಣೇ ಅಂದ. ಸಂಕವ್ವ ಕಿರುಚಲೂ ಇಲ್ಲ, ಅಳಲೂ ಇಲ್ಲ. ನಾಲ್ಕನೇ ಬಿಲ್ಲೆ ಬೋರಲು ಹಾಕಿ, ಕೈಕಾಲು ತೊಳ್ಕೊಂಡು ಬಾ, ಸಾರು ಆರ್ತಾ ಇದೆ ಅಂದ್ಲಂತೆ. ಆಮೇಲೆ ಅವರು ಸುಖವಾಗಿದ್ರು, ಉಪ್ಪು ಹಾಕ್ಕೊಂಡು ಉಂಡ್ರು, ಕತೆ ಅಲ್ಲಿಗೆ ಆಯ್ತು, ಕಣ್ಣು ಮುಚ್ಚು.

ಏಳು ವರ್ಷ ಕೆಂಚ ಎಲ್ಲಿದ್ದ ಅಂತೀಯಾ?

ಹೋದ ಏಳನೇ ದಿನಕ್ಕೇ ವಾಪಸ್ ಬಂದು ಹಳ್ಳದ ಆಚೆ ಕೂತಿದ್ನಂತೆ.